ಎಡಬದಿಯ ನಾಲ್ಕು ದೀಪಗಳು

೧೫ ಜೂನ್ ೨೦೨೫, ಭಾನುವಾರ

ಇಂದು ಬೆಳಿಗ್ಗೆ ಪಕ್ಕದ ಮನೆಯ ಯಲ್ಲೇಶ ತನ್ನ ಮಗ್ಗ ನಿಲ್ಲಿಸಿ, ಗೋಡೆಯ ಮೇಲಿನಿಂದ ಇಣುಕಿ ಕೇಳಿದ: “ಮಾಸ್ತರ, ವಿಮಾನ ಕಂಪನಿ ತಗದೀರಂತಲ್ರೀ? ನಮ್ಮ ಸೀರಿ ಗಂಟು ಸೂರತ್‌ಗೆ ಒಯ್ತೀರೇನು?”

ವಡಗಾವಿಯ ಓಣಿಯಲ್ಲಿ ಯಾವ ಸುದ್ದಿಯೂ ಗೋಡೆಯೊಳಗೆ ಉಳಿಯದು. ನಿಂತು ವಿವರಿಸಿದೆ. ನಮ್ಮ ‘ಪಲಾಶಿಕಾ ವಿಮಾನ ಬಳಗ’ದಲ್ಲಿ ನಲವತ್ತೇಳು ಚಾಲಕರಿದ್ದಾರೆ, ವೇಳಾಪಟ್ಟಿ ಇದೆ, ದರ್ಜೆಗಳಿವೆ, ಇಪ್ಪತ್ತೆರಡು ನಿಯಮಗಳಿವೆ, ಇಲ್ಲದಿರುವುದು ವಿಮಾನವೊಂದೇ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಕಂಪ್ಯೂಟರಿನ ಮುಂದೆ ಕುಳಿತು, ನಿಜವಾದ ನಕಾಶೆಯ ಮೇಲೆ, ಆ ದಿನದ ನಿಜವಾದ ಗಾಳಿಮಳೆಯಲ್ಲಿ, ನಿಜವಾಗಿ ಹಿಡಿಯುವಷ್ಟೇ ಹೊತ್ತು ಹಾರುತ್ತಾರೆ. ನಮ್ಮೂರಿನ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿಗೆ ಒಂದು ಗಂಟೆ ಹತ್ತು ನಿಮಿಷವೆಂದರೆ ಕುರ್ಚಿಯಲ್ಲಿಯೂ ಒಂದು ಗಂಟೆ ಹತ್ತು ನಿಮಿಷ. ಯಲ್ಲೇಶ ಎಲ್ಲವನ್ನೂ ಕೇಳಿ, “ಅಂದ್ರ ಎಲ್ಲೂ ಹೋಗೂದಿಲ್ಲ ಅನ್ರಿ,” ಎಂದು ಮಗ್ಗಕ್ಕೆ ಮರಳಿದ. ಮೂವತ್ತೊಂದು ವರ್ಷ ಖಾನಾಪುರ ತಾಲೂಕಿನಲ್ಲಿ ಭೂಗೋಳ ಕಲಿಸಿದವನು ಇಂಥ ಮಾತಿಗೆ ಏನೆಂದು ಉತ್ತರಿಸಬೇಕು?

ವಾರದ ಏಳು ಹಾರಾಟದ ವರದಿಗಳನ್ನು ತಿದ್ದಿದೆ. ವರದಿ ಕನ್ನಡದಲ್ಲಿಯೇ ಇರತಕ್ಕದ್ದು. ಅದನ್ನು ಮುದ್ರಿಸಿ, ಕೆಂಪು ಪೆನ್ನಿನಿಂದ ತಿದ್ದಿ, ಫೋಟೋ ತೆಗೆದು ಹಿಂದಿರುಗಿಸುವುದು ನನ್ನ ಪದ್ಧತಿ. ಸುಮಿತನದು ಎಂದಿನಂತೆ ಕೆಂಪಿನಿಂದ ತುಂಬಿತು. ಆಟೋ ನಗರದಲ್ಲಿ ವಾಹನಗಳಿಗೆ ಬಣ್ಣ ಹೊಡೆಯುವ ಕೆಲಸ ಅವನದು. ಕಲಿತದ್ದು ಮರಾಠಿ ಶಾಲೆಯಲ್ಲಿ. ಆದರೆ ಕೈ ಸೂಕ್ಷ್ಮವಾದದ್ದು. ನಮ್ಮ ಸಾಂಬ್ರಾ ವಿಮಾನ ನಿಲ್ದಾಣವನ್ನು ಗೋಡೆ, ಬೇಲಿ, ಗಿಡಗಳ ಸಮೇತ ಕಂಪ್ಯೂಟರಿನಲ್ಲಿ ಹೊಸದಾಗಿ ಕಟ್ಟಿಕೊಟ್ಟವನು ಅವನೇ. ವರದಿಯಲ್ಲಿ ಮಾತ್ರ ಬೇಡದ್ದನ್ನು ಬರೆಯುತ್ತಾನೆ. “ಎಡಕ್ಕ ಮಲಪ್ರಭಾ ಕಂಡಳು.” ಹೊಡೆದು ಹಾಕಿ, ‘ಅನಗತ್ಯ’ ಎಂದು ಅಂಚಿನಲ್ಲಿ ಬರೆದೆ.

ಸಂಜೆ ನನ್ನ ಇಳಿತ ೩೪೦. ಚಕ್ರ ನೆಲ ಮುಟ್ಟುವಾಗ ನಿಮಿಷಕ್ಕೆ ಎಷ್ಟು ಅಡಿಯ ವೇಗದಲ್ಲಿ ಕೆಳಗೆ ಬಂದೆವೆಂಬುದನ್ನು ಯಂತ್ರವೇ ದಾಖಲಿಸುತ್ತದೆ; ಮುನ್ನೂರು ದಾಟಿದರೆ ಅದು ಕಠಿಣ ಇಳಿತ. ನಾಲ್ಕು ವರ್ಷಗಳಲ್ಲಿ ನನಗೆ ಇದು ಮೊದಲನೆಯದು. ಜಾಯ್‌ಸ್ಟಿಕ್ಕಿನಲ್ಲಿ ಧೂಳು ಸೇರಿರಬೇಕು. ಒರೆಸಿಟ್ಟೆ.

೧೯ ಜೂನ್, ಗುರುವಾರ

ಕಾರಣ ಸಿಕ್ಕಿತು. ಜಾಯ್‌ಸ್ಟಿಕ್ಕಿನದಲ್ಲ.

ಓಡುದಾರಿಯ ಎಡಬದಿಗೆ ನಾಲ್ಕು ದೀಪಗಳ ಒಂದು ಸಾಲಿರುತ್ತದೆ. ಎರಡು ಬಿಳಿ, ಎರಡು ಕೆಂಪು ಕಂಡರೆ ನಾವು ಸರಿಯಾದ ಎತ್ತರದಲ್ಲಿದ್ದೇವೆ; ನಾಲ್ಕೂ ಬಿಳಿಯಾದರೆ ಮೇಲೆ, ನಾಲ್ಕೂ ಕೆಂಪಾದರೆ ಅಪಾಯವೆನಿಸುವಷ್ಟು ಕೆಳಗೆ. ಸುಮಿತ ಕಟ್ಟಿದ ಸಾಂಬ್ರಾದಲ್ಲಿ ಆ ದೀಪಗಳೇ ಇಲ್ಲ. ಬೇಲಿಯ ತಂತಿ ಎಣಿಸಿ ಹಾಕಿದವನು ಇದನ್ನು ಮರೆತಿದ್ದಾನೆ. ಕೂಡಲೇ ಫೋನ್ ಮಾಡಿದೆ.

“ಸುಮಿತ, ಎಡಬಾಜೂದು ನಾಕು ದೀಪ ಎಲ್ಲಿ?”

“ಅದಾವಲ್ರೀ ಸರ್. ನಾನಽ ಕೈಯಾರೆ ಇಟ್ಟೀನಿ.”

“ಇಟ್ಟಿದ್ರ ನನಗ್ಯಾಕ ಕಾಣವಲ್ಲವು?”

“ಒಮ್ಮೆ ಎಲ್ಲಾ ತಗದು ಮತ್ತ ಹಾಕಿ ನೋಡ್ರಿ ಸರ್,” ಎಂದ.

ಎರಡು ಬಾರಿ ತೆಗೆದು ಎರಡು ಬಾರಿ ಹಾಕಿದೆ. ದೀಪಗಳಿಲ್ಲ. ಮರೆತೆ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. ತಪ್ಪನ್ನು ಒಪ್ಪಿಕೊಳ್ಳಲಾರದ ವಿದ್ಯಾರ್ಥಿಯನ್ನು ನಾನು ಎಂದೂ ಮುಂದಿನ ಬೆಂಚಿಗೆ ಕೂರಿಸಿದವನಲ್ಲ.

೨೨ ಜೂನ್, ಭಾನುವಾರ

ಸುಮಿತ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಹಾಕಿದ್ದಾನೆ: ಅವನ ಪರದೆ, ಸಾಂಬ್ರಾದ ಓಡುದಾರಿ, ಎಡಬದಿಗೆ ನಾಲ್ಕು ದೀಪ. ನನ್ನ ಫೋನಿನಲ್ಲಿ ಅವು ಸ್ಪಷ್ಟವಾಗಿಯೇ ಕಂಡವು. ಕೋಣೆಗೆ ಹೋಗಿ ನನ್ನ ಪರದೆಯಲ್ಲಿ ಅದೇ ಜಾಗವನ್ನು ತೆರೆದರೆ, ಅಲ್ಲಿ ಹುಲ್ಲು ಮಾತ್ರ. ಒಂಬತ್ತು ಮಂದಿ ಸದಸ್ಯರು ಚಿತ್ರದ ಕೆಳಗೆ “ನಮಗೂ ಕಾಣುತ್ತವೆ” ಎಂದು ಬರೆದರು. ಕಾರಿನ ಮೇಲಿನ ಗೀರನ್ನು ಗುರುತೇ ಸಿಗದಂತೆ ಮುಚ್ಚಬಲ್ಲವನಿಗೆ ಒಂದು ಚಿತ್ರ ತಿದ್ದುವುದು ಎಷ್ಟು ಹೊತ್ತಿನ ಕೆಲಸ? ಉಳಿದವರು ಹಳೆಯ ಕಡತವನ್ನು ಬಳಸುತ್ತಿರಬೇಕು.

ಈ ಗಡಿಬಿಡಿಯಲ್ಲಿ ಮೊಳಕೈ ತಗುಲಿ ಚಹಾದ ಲೋಟ ಉರುಳಿತು. ಹೇಳದೆ ಇಟ್ಟು ಹೋದದ್ದಕ್ಕೆ ಹೆಂಡತಿ ಕಾಂತಾಳನ್ನು ಗದರಿದೆ.

“ಇಡೂ ಮುಂದ ಹೇಳೀನ್ರೀ. ಹೂಂ ಅಂದೀರಿ,” ಎಂದಳು, ನೆಲ ಒರೆಸುತ್ತ.

೬ ಜುಲೈ, ಭಾನುವಾರ

ಬಳಗದ ವಾರ್ಷಿಕ ಕೂಟ ಖಾನಾಪುರದಲ್ಲಿ ಕಾರ್ಯದರ್ಶಿ ಮಧುಕರರ ಮನೆಯಂಗಳದಲ್ಲಿ ನಡೆಯಿತು. ಮಧುಕರ ಅಲ್ಲಿಯೇ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾದವರು. ಬಳಗವನ್ನು ನಾವಿಬ್ಬರೇ ಆರಂಭಿಸಿದ್ದು. ಹಲಸಿಯ ಗುಡಿಗಳನ್ನು ನೋಡಿಕೊಂಡು ಬರುವಾಗ ಅದರ ಪ್ರಾಚೀನ ನಾಮವಾದ ‘ಪಲಾಶಿಕಾ’ವನ್ನೇ ಇಡೋಣವೆಂದು ಸೂಚಿಸಿದವನು ನಾನು. “ಹೆಸರು ನಿಮ್ದು, ಚಹಾ ನಂದು,” ಎಂದು ಅವರು ಪ್ರತಿವರ್ಷ ಹೇಳುತ್ತಾರೆ, ಇಂದೂ ಹೇಳಿದರು.

ಹತ್ತೊಂಬತ್ತು ಮಂದಿ ಬಂದಿದ್ದರು. ನಿಖರತೆಯ ಕುರಿತು ನಲವತ್ತು ನಿಮಿಷ ಮಾತನಾಡಿದೆ. ದೀಪಗಳ ವಿಷಯವನ್ನು ಹೆಸರು ಹೇಳದೆಯೇ ಪ್ರಸ್ತಾಪಿಸಿದೆ, ಅರ್ಥವಾಗಬೇಕಾದವನಿಗೆ ಅರ್ಥವಾಗಿರಬೇಕು. ಹೊರಡುವಾಗ ಅಂಗಳದ ಕಟ್ಟೆಗೆ ಎಡಗಾಲು ತಗುಲಿ ಮುಗ್ಗರಿಸಿದೆ. ಮಧುಕರರು ಆ ಕಟ್ಟೆಯನ್ನು ಅಲ್ಲಿ ಕಟ್ಟಿಸಬಾರದಿತ್ತು.

೮ ಜುಲೈ, ಮಂಗಳವಾರ

ಮಧುಕರರ ಫೋನ್.

“ಮಾಸ್ತರ, ನೀವು ಹಂಗ ಮಾಡಬಾರದಿತ್ರೀ.”

“ಏನು ಮಾಡೀನಿ?”

“ಹೊಂಟಾಗ ಸುಮಿತ ನಿಮ್ಮ ಬಾಜೂಕ ಬಂದು ಕೈ ಮುಂದ ಮಾಡಿ ನಿಂತಿದ್ದ. ಎಲ್ಲಾರೂ ನೋಡಾಕತ್ತಿದ್ರು. ನೀವು ಮಾರಿ ಸುದ್ದಾ ತಿರುಗಿಸಲಾರದ ಹಾದು ಹೋದ್ರಿ. ಪಾಪ, ಆ ಕೈ ಏನ್ ಮಾಡಬೇಕಂತ ತಿಳೀದ ತಲಿ ತುರಿಸ್ಕೊಂಡ.”

ನನ್ನೆದುರು ಯಾವ ಕೈಯೂ ಬಂದಿರಲಿಲ್ಲ. ಬಂದಿದ್ದರೆ ಕುಲುಕುತ್ತಿದ್ದೆ, ಅಭಿಪ್ರಾಯ ಬೇರೆ, ಸೌಜನ್ಯ ಬೇರೆ. ಹಾಗೆಂದೇ ಹೇಳಿದೆ.

“ಖರೇನಽ ಕಾಣ್ಲಿಲ್ಲೇನು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದುವರಿದರು: “ನಮ್ಮ ರೇಲ್ವೇದಾಗ ಒಂದು ಕಾಯ್ದೆ ಇತ್ರೀ. ಸಿಗ್ನಲ್ಲಿನ ದೀಪ ಕಾಣ್ಲಿಲ್ಲ ಅಂದ್ರ ಅದು ಕೆಂಪ ಐತಿ ಅಂತಽ ತಿಳದು ಗಾಡಿ ನಿಂದರಸಬೇಕು. ನೀವು ಗಾಡಿ ಬಿಟ್ಟು ದೀಪ ಹಚ್ಚಾವನ್ನ ಹಿಡದೀರಿ. ಮತ್ತ ಡ್ರೈವರ್‌ಗೋಳ್ಗೆ ಆಗಾಗ ಕಣ್ಣಿನ ಪರೀಕ್ಷಾ ಇರತಿತ್ತು…”

ನಾನು ಸಂಭಾಷಣೆಯನ್ನು ಮುಗಿಸಿದೆ. ಪತ್ರಿಕೆಯ ಕೊನೆಯ ಪುಟದ ಅತಿ ಸಣ್ಣ ಅಕ್ಷರವನ್ನೂ ಓದುವವನಿಗೆ ಕಣ್ಣಿನ ಪರೀಕ್ಷೆಯ ಮಾತು! ಮೂವತ್ತು ವರ್ಷ ಹಸಿರು ಬಾವುಟ ತೋರಿಸಿದವರಿಗೆ ಎಲ್ಲರೂ ಎಂಜಿನ್ ಡ್ರೈವರುಗಳಂತೆಯೇ ಕಾಣುತ್ತಾರೆ.

೧೩ ಜುಲೈ, ಭಾನುವಾರ

ಬುಧವಾರದ ಇಳಿತ ೪೧೨. ಇಂದು ೫೦೫.

ಏಳನೆಯ ನಿಯಮ ನಾನೇ ಬರೆದದ್ದು: ಮೂರು ಕಠಿಣ ಇಳಿತಗಳಾದವನು ಹಾರಾಟ ನಿಲ್ಲಿಸತಕ್ಕದ್ದು, ಇನ್ನೊಬ್ಬ ಹಿರಿಯ ಚಾಲಕನ ಎದುರು ಪರೀಕ್ಷೆಯಲ್ಲಿ ಉತ್ತೀರ್ಣನಾಗುವ ತನಕ ಮರಳತಕ್ಕದ್ದಲ್ಲ. ಆದರೆ ಇವು ನನ್ನ ಇಳಿತಗಳಲ್ಲ. ದೀಪವಿಲ್ಲದ ನಿಲ್ದಾಣದ ಇಳಿತಗಳು. ಮೂರನ್ನೂ ‘ಯಂತ್ರದೋಷ’ ಎಂದು ಗುರುತಿಸಿ ದಾಖಲೆಯಿಂದ ಬದಿಗಿರಿಸಿದೆ. ಬಳಗದ ಅಧ್ಯಕ್ಷನಿಗೆ ಆ ಅಧಿಕಾರವಿದೆ.

ಅನಂತರ ಸುತ್ತೋಲೆ ಹೊರಡಿಸಿದೆ. ಸುಮಿತನು ಕಟ್ಟಿದ ಸಾಂಬ್ರಾವನ್ನು ಹಿಂತೆಗೆದುಕೊಳ್ಳಲಾಗಿದೆ. ಲೋಪವನ್ನು ಮುಚ್ಚಿಟ್ಟು ತಿದ್ದಿದ ಚಿತ್ರವನ್ನು ಸಲ್ಲಿಸಿದ್ದಕ್ಕಾಗಿ ಅವನನ್ನು ಮೂರು ತಿಂಗಳು ಬಳಗದಿಂದ ಹೊರಗಿಡಲಾಗಿದೆ. ವಾಕ್ಯರಚನೆ ಚೆನ್ನಾಗಿ ಬಂದಿತ್ತು.

ಮೂರು ಗಂಟೆಗಳ ಬಳಿಕ ಗುಂಪಿನಲ್ಲಿ ಮಧುಕರರು ಒಂದೇ ಶಬ್ದ ಹಾಕಿದರು: “ಓದಿದೆ.”

ಸುಮಿತ ಕಟ್ಟುವ ಮುಂಚಿನ ಹಳೆಯ ಸಾಂಬ್ರಾವನ್ನು ಹಾಕಿ ನೋಡಿದೆ. ಅದರಲ್ಲಿಯೂ ದೀಪಗಳಿಲ್ಲ. ಸುಮಿತನ ಕಡತದ ಅವಶೇಷ ಎಲ್ಲಿಯೋ ಉಳಿದಿರಬೇಕು.

೨೪ ಜುಲೈ, ಗುರುವಾರ

ಮಳೆ. ಹುಬ್ಬಳ್ಳಿಯಲ್ಲಿಯೂ ದೀಪಗಳಿಲ್ಲ.

ಹುಬ್ಬಳ್ಳಿಯನ್ನು ಸುಮಿತ ಕಟ್ಟಿದ್ದಲ್ಲ.

೩ ಆಗಸ್ಟ್, ಭಾನುವಾರ

ಸಂತೆಗೆಂದು ಸ್ಕೂಟರ್ ತೆಗೆದೆ. ಓಣಿಯ ತಿರುವಿನಲ್ಲಿ ಯಲ್ಲೇಶನ ನೂಲಿನ ಕೈಗಾಡಿಗೆ ಗುದ್ದಿದೆ. ನೂಲಿನ ಗಂಟುಗಳು ಕೆಸರಿಗೆ ಬಿದ್ದವು.

“ಏನ್ ಮಾಸ್ತರ, ನಾ ಆಗಿಂದ ಒದರಾಕತ್ತೀನಿ, ಸೀದಾ ನನ್ನ ಮ್ಯಾಲೇ ಬಂದ್ರಲ್ರೀ! ವಿಮಾನ ಇಳಸಾಕ ನನ್ನ ಗಾಡೀನಽ ಸಿಕ್ತೇನು?”

ಓಣಿಯವರೆಲ್ಲ ನಕ್ಕರು. ಗಾಡಿ ಎಲ್ಲಿಂದ ಬಂತೆಂಬುದು ನನಗೆ ಈಗಲೂ ತಿಳಿಯದು. ಅದು ಇರಲಿಲ್ಲ; ಆಮೇಲೆ ಇತ್ತು. ನೂಲನ್ನು ಆಯ್ದುಕೊಟ್ಟು, ಕ್ಷಮೆ ಕೋರಿ, ಸ್ಕೂಟರನ್ನು ಹಿಂದಕ್ಕೆ ನೂಕಿಕೊಂಡು ಬಂದು ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿದೆ. ಮಳೆಗಾಲ ಮುಗಿಯುವ ತನಕ ಅದು ಅಲ್ಲಿಯೇ ಇರಲಿ. ಮನೆಯಲ್ಲಿ ಕುಳಿತು ಮಾಡುವ ಕೆಲಸ ಬೇಕಷ್ಟಿದೆ.

ನಾನು ಇದನ್ನು ಬರೆಯುತ್ತಿರುವಾಗ ಕಾಂತಾ ಹಿಂದಿನಿಂದ ನೋಡಿ, “ಎಡಕ್ಕ ಅರ್ಧಾ ಹಾಳಿ ಖಾಲಿ ಬಿಟ್ಟು ಯಾಕ ಬರಿಯಾಕತ್ತೀರಿ? ಯಾರಿಗರೆ ಜಾಗಾ ಹಿಡದೀರೇನು?” ಎಂದಳು. ಅಂಚು ಬಿಟ್ಟು ಬರೆಯುವುದು ಶಿಸ್ತು ಎಂದೆ.

೧೭ ಆಗಸ್ಟ್, ಭಾನುವಾರ

ನಲವತ್ತೇಳರಲ್ಲಿ ಒಂಬತ್ತು ಮಂದಿ ಬಿಟ್ಟು ಹೋದರು. ಕಾರಣ ಬರೆದವರು ಒಬ್ಬರೇ: “ಸುಮಿತ್ ಅಣ್ಣ ಇಲ್ಲದಲ್ಲಿ ಹಾರಲು ಮನಸ್ಸಿಲ್ಲ.”

ಸುತ್ತೋಲೆಯನ್ನು ಹಿಂತೆಗೆದುಕೊಂಡರೆ ಅದು ಸುಳ್ಳೆಂದು ಒಪ್ಪಿದಂತೆ. ಹಿಂತೆಗೆದುಕೊಳ್ಳದಿದ್ದರೆ ಬಳಗ ಉಳಿಯದು. ನಾನೇ ಬರೆದ ಇಪ್ಪತ್ತೆರಡು ನಿಯಮಗಳನ್ನು ಮತ್ತೆ ಮತ್ತೆ ಓದಿದೆ. ನನಗೆ ಹೊರಬರಲು ಒಂದು ದಾರಿಯನ್ನೂ ನಾನು ಬಿಟ್ಟಿಲ್ಲ.

ಈಚೆಗೆ ಬೆಳಿಗ್ಗೆ ತಿಂಡಿಯಾದ ಮೇಲೆ ಈ ಕೋಣೆಗೆ ಬಂದರೆ ಊಟಕ್ಕೆ ಕರೆಯುವ ತನಕ ಏಳುವುದಿಲ್ಲ. ಗೋಡೆಯಾಚೆ ಮಗ್ಗದ ಸದ್ದು, ಇಲ್ಲಿ ಎಂಜಿನ್ನಿನ ಸದ್ದು. ಯಾವುದು ಯಾವುದೆಂದು ಕೆಲವೊಮ್ಮೆ ತಿಳಿಯದು. ಸಾಂಬ್ರಾದಿಂದ ಏರುತ್ತೇನೆ, ಖಾನಾಪುರದ ಮೇಲೆ ಸುತ್ತುತ್ತೇನೆ, ಮತ್ತೆ ಸುತ್ತುತ್ತೇನೆ. ಇಳಿಯುವುದಿಲ್ಲ. ಇಳಿಯದಿದ್ದರೆ ಅಂಕಿ ದಾಖಲಾಗದು. ಕಾಂತಾ ಊಟಕ್ಕೆ ಕರೆದಾಗ ವಿಮಾನವನ್ನು ಆಕಾಶದಲ್ಲಿಯೇ ಬಿಟ್ಟು ಕಂಪ್ಯೂಟರ್ ಆರಿಸುತ್ತೇನೆ. ಹನ್ನೊಂದನೆಯ ನಿಯಮದ ಪ್ರಕಾರ ಹಾರಾಟವನ್ನು ಅರ್ಧಕ್ಕೆ ಬಿಡುವುದು ಗಂಭೀರ ಲೋಪ.

೩೦ ಆಗಸ್ಟ್, ಶನಿವಾರ

ಸಂಜೆ ಕಾಂತಾ ಬಲವಂತದಿಂದ ಓಣಿಯ ಗಣಪತಿ ನೋಡಲು ಕರೆದೊಯ್ದಳು. ಮಂಟಪದ ಎದುರು ನಿಲ್ಲಿಸಿ, “ಲೈಟಿನ ಸರ ಎಷ್ಟ ಕಟ್ಯಾರ ಹೇಳ್ರಿ,” ಎಂದಳು.

“ಮೂರು.”

“ಗಣಪ್ಪನ್ನಽ ನೋಡ್ರಿ. ಕುತ್ತಿಗಿ ತಿರುಗಿಸಬ್ಯಾಡ್ರಿ. ಎಷ್ಟು?”

“ಮೂರು ಅಂದೆನಲ್ಲ.”

ಅವಳು ನನ್ನ ಗದ್ದ ಹಿಡಿದು, ಮಗುವಿನ ಮುಖ ತಿರುಗಿಸುವಂತೆ, ಎಡಕ್ಕೆ ತಿರುಗಿಸಿದಳು. ನೀಲಿ ದೀಪದ ಎರಡು ಸರಗಳು ಕಂಬದಿಂದ ಕಂಬಕ್ಕೆ ಇಳಿಬಿದ್ದಿದ್ದವು. ಒಟ್ಟು ಐದು.

“ದಸರಿಗೆ ಹೋಗೂಣು ಅಂತ ಸುಮ್ಮನಿದ್ದೆ. ಇನ್ನ ಸಾಕು. ಮಂಗಳವಾರ ಕಣ್ಣಿನ ದವಾಖಾನಿ,” ಎಂದಳು. ಜನರೆದುರು ಗದ್ದ ಹಿಡಿದದ್ದು ನನಗೆ ಸರಿ ಬರಲಿಲ್ಲ. ಹೊಸ ಕನ್ನಡಕ ಬೇಕಾಗಬಹುದು.

೨ ಸೆಪ್ಟೆಂಬರ್, ಮಂಗಳವಾರ

ಬೋರ್ಡಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದೆ. ಅನಂತರ ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತ, ಸುತ್ತ ಎಲ್ಲಿಯಾದರೂ ಬೆಳಕು ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕೆಂದರು. ಅಲ್ಲಿದ್ದ ಹೆಣ್ಣುಮಗಳು, “ಅಜ್ಜಾರ, ಆಕಡೆ ಈಕಡೆ ಹಣಿಕಿ ಹಾಕಬ್ಯಾಡ್ರಿ,” ಎಂದು ಎಚ್ಚರಿಸಿದಳು. ನನಗೆ! ಪರೀಕ್ಷಾ ಕೊಠಡಿಗಳಲ್ಲಿ ಮೂವತ್ತೊಂದು ವರ್ಷ ಅದೇ ಮಾತು ಹೇಳಿದವನು ನಾನು.

ಒಂದು ಬೆಳಕನ್ನೂ ತಪ್ಪಿಸದೆ ಗುಂಡಿ ಒತ್ತಿದೆ. ಯಂತ್ರವೇ ನಿಧಾನದ್ದು, ನಡುನಡುವೆ ಬಹಳ ಹೊತ್ತು ಸುಮ್ಮನಿರುತ್ತಿತ್ತು. ಹಾಗೆಂದು ವೈದ್ಯರಿಗೆ ಹೇಳಿದೆ.

ಅವರು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಪ್ರತಿಯೊಂದರಲ್ಲಿಯೂ ಒಂದು ವೃತ್ತ. ಎರಡರಲ್ಲಿಯೂ ಎಡಭಾಗ ಹೆಚ್ಚುಕಡಿಮೆ ಕಪ್ಪು.

“ಯಂತ್ರ ಸುಮ್ಮನಿರಲಿಲ್ರೀ. ಬೆಳಕು ಬರಾಕತ್ತಿದ್ವು,” ಎಂದರು. “ಗ್ಲಾಕೋಮಾ. ಕಣ್ಣಿನೊಳಗ ಒತ್ತಡ ಹೆಚ್ಚಾಗಿ ನರ ಒಣಗೈತಿ. ನಡೂಕ ಚೊಲೋ ಐತಿ, ಅದಕ್ಕ ಓದಾಕ ಬರತೈತಿ.”

“ಹಾಗಿದ್ದರೆ ನನಗೆ ಅಲ್ಲಿ ಕತ್ತಲೆ ಕಾಣಬೇಕಿತ್ತು.”

“ಕತ್ತಲಿ ಕಾಣೂದಿಲ್ರೀ ಸರ್. ಮೆದುಳು ಆ ಜಾಗಾ ತಾನಽ ತುಂಬಿಕೋತೈತಿ. ಬಾಜೂಕ ಹುಲ್ಲಿದ್ರ ಅಲ್ಲೂ ಹುಲ್ಲಽ.”

ನಾನು ಹುಲ್ಲಿನ ವಿಷಯವನ್ನು ಅವರಿಗೆ ಹೇಳಿರಲಿಲ್ಲ.

ಹೋದದ್ದು ಮರಳುವುದಿಲ್ಲವಂತೆ, ಹನಿ ಹಾಕಿ, ಇದ್ದದ್ದನ್ನು ಉಳಿಸಿಕೊಳ್ಳಬೇಕಂತೆ. ಕಾಂತಾ ಮೆಟ್ಟಿಲಿಳಿಯುವಾಗ ನನ್ನ ಎಡಗಡೆಗೆ ಬಂದಳು.

೩ ಸೆಪ್ಟೆಂಬರ್, ಬುಧವಾರ

ಹನಿ: ಬೆಳಿಗ್ಗೆ ಏಳು, ಸಂಜೆ ಏಳು.

೫ ಸೆಪ್ಟೆಂಬರ್, ಶುಕ್ರವಾರ

ಶಿಕ್ಷಕರ ದಿನ. ಹಳೆಯ ವಿದ್ಯಾರ್ಥಿಗಳ ಫೋನುಗಳು. ಮಧ್ಯಾಹ್ನ ಒಂದು ಸಂದೇಶ: “ಸರ್, ನೀವು ನನಗೆ ಶಾಲೆಯಲ್ಲಿ ಕಲಿಸಿಲ್ಲ. ಆದರೂ ನನ್ನ ಕನ್ನಡ ಓದಿದವರು ನೀವು ಒಬ್ಬರೇ. ನಮಸ್ಕಾರ. ಸುಮಿತ.”

ಆಗ ಎದ್ದು ಕೋಣೆಗೆ ಹೋದೆ. ಸಾಂಬ್ರಾಕ್ಕೆ ಇಳಿಯುವ ಹಾದಿಯಲ್ಲಿ ವಿಮಾನವನ್ನು ಆಕಾಶದಲ್ಲಿಯೇ ನಿಲ್ಲಿಸಿ, ಕುರ್ಚಿಯನ್ನು ಹಿಂದಕ್ಕೆ ನೂಕಿದೆ. ಫೋನಿನಲ್ಲಿ ಕಂಡದ್ದು ಪರದೆಯಲ್ಲಿ ಏಕೆ ಕಾಣಲಿಲ್ಲವೆಂಬುದನ್ನು ನಾನು ಎರಡೂವರೆ ತಿಂಗಳ ಹಿಂದೆಯೇ ಕೇಳಿಕೊಳ್ಳಬೇಕಿತ್ತು. ಒಂಬತ್ತನೆಯ ತರಗತಿಯ ಹುಡುಗನೂ ಕೇಳುತ್ತಿದ್ದ. ಮೂರು ಅಡಿ. ಐದು ಅಡಿ. ಬೆನ್ನು ಗೋಡೆಗೆ ತಗುಲಿತು. ಇಷ್ಟು ದೂರದಿಂದ ಇಡೀ ಪರದೆ ಒಂದು ಸ್ಲೇಟಿನಷ್ಟು ಚಿಕ್ಕದು.

ಓಡುದಾರಿಯ ಎಡಬದಿಗೆ ನಾಲ್ಕು ದೀಪಗಳಿದ್ದವು. ಎರಡು ಬಿಳಿ, ಎರಡು ಕೆಂಪು.

ಕುರ್ಚಿಯನ್ನು ಮುಂದಕ್ಕೆಳೆದರೆ ಎತ್ತರದ ಅಂಕಿ ಓದಬಹುದು, ದೀಪಗಳಿಲ್ಲ. ಹಿಂದಕ್ಕೆ ಸರಿದರೆ ದೀಪಗಳಿವೆ, ಅಂಕಿಯಿಲ್ಲ, ಜಾಯ್‌ಸ್ಟಿಕ್ಕಿಗೆ ಕೈಯೂ ನಿಲುಕದು. ಹೀಗೆಯೇ ಮುಂದಕ್ಕೂ ಹಿಂದಕ್ಕೂ ಸರಿಯುತ್ತಿದ್ದಾಗ ಕಾಂತಾ ಬಾಗಿಲಲ್ಲಿ ನಿಂತು, “ನೆಲಾ ಗೀರು ಬೀಳಾಕತ್ತೈತ್ರೀ,” ಎಂದಳು.

೬ ಸೆಪ್ಟೆಂಬರ್, ಶನಿವಾರ

ಸುತ್ತೋಲೆ ಬರೆದೆ. ನಾಲ್ಕು ಕರಡುಗಳನ್ನು ಹರಿದೆ. ಪ್ರತಿಯೊಂದರಲ್ಲಿಯೂ ‘ಅನಿವಾರ್ಯ ಕಾರಣಗಳಿಂದ’ ಎಂಬ ಮಾತು ಬಂದು ಸೇರುತ್ತಿತ್ತು. ಐದನೆಯದು ಇಷ್ಟು: ಸುಮಿತನು ಇಟ್ಟ ದೀಪಗಳು ಆರಂಭದಿಂದಲೂ ಅಲ್ಲಿದ್ದವು. ಕಾಣದೇ ಇದ್ದದ್ದು ನನಗೆ. ಅವನ ಚಿತ್ರ ನಿಜವಾದದ್ದು, ನನ್ನ ಆರೋಪ ಸುಳ್ಳು. ಅವನನ್ನು ಹೊರಗಿಟ್ಟ ಆದೇಶ ರದ್ದು. ನನ್ನ ಮೂರು ಕಠಿಣ ಇಳಿತಗಳನ್ನು ನಾನೇ ದಾಖಲೆಯಿಂದ ತೆಗೆದಿದ್ದೆ, ಮರಳಿ ಸೇರಿಸಿದ್ದೇನೆ. ಏಳನೆಯ ನಿಯಮದಂತೆ ಇಂದಿನಿಂದ ಹಾರಾಟ ನಿಲ್ಲಿಸಿದ್ದೇನೆ.

ಕಳುಹಿಸುವ ಗುಂಡಿಯನ್ನು ಒತ್ತಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಬೆಂಗಳೂರಿಗೆ ಹೋಗಿ ಇಳಿಯಬಹುದಿತ್ತು.

ಮಧುಕರರ ಫೋನ್ ತಕ್ಷಣ ಬಂತು. “ಮಾಸ್ತರ, ಪರೀಕ್ಷಾ ಗಿರೀಕ್ಷಾ ಬಿಡ್ರಿ. ನೀವಽ ಅಧ್ಯಕ್ಷರು, ಯಾರ್ ಕೇಳ್ತಾರ?”

“ನಾ ಕೇಳ್ತೀನ್ರೀ,” ಎಂದೆ.

೮ ಸೆಪ್ಟೆಂಬರ್, ಸೋಮವಾರ

ಕಾಂತಾಳೊಂದಿಗೆ ರಿಕ್ಷಾದಲ್ಲಿ ಆಟೋ ನಗರಕ್ಕೆ. ಸುಮಿತ ಒಂದು ಟೆಂಪೋದ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದ. ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕಬ್ಬಿಣದ ಸ್ಟೂಲ್ ಒರೆಸಿದ.

“ಕುಂದರ್ರಿ ಸರ್. ನೀವ್ಯಾಕ ಬರಾಕ ಹೋದ್ರಿ, ಸುತ್ತೋಲೆ ಓದೀನಲ್ರೀ.”

“ಸುತ್ತೋಲೆಯೊಳಗ ಕೈ ಕೊಡಾಕ ಬರೂದಿಲ್ಲಪಾ,” ಎಂದು ಕೈ ಚಾಚಿದೆ.

ಅವನು ತನ್ನ ಕೈ ನೋಡಿಕೊಂಡ. “ಬಣ್ಣಾ ಆಗೇದ್ರೀ.”

“ಆಗಲಿ.”

ಹಿಡಿದ. ಬಿಡದೆಯೇ ಹೇಳಿದ: “ನನಗ ಭಾಳ ತ್ರಾಸಾತ್ರೀ ಸರ್. ದಿನಾ ಹೆಂಡ್ತೀನ ಮುಂದ ಕೂಡಿಸ್ಕೊಂಡು ದೀಪಾ ತೋರಸ್ತಿದ್ದೆ, ‘ನಿನಗ ಕಾಣ್ತಾವೇನ ಹೇಳ’ ಅಂತ. ನನಗಽ ಇಲ್ಲದ್ದು ಕಾಣಾಕತ್ತೈತೇನೋ ಅಂತ ಅಂಜಿಕಿ. ಕಡೀಕ ಆಕಿ, ‘ನಾಕು ದೀಪಾ ನೋಡಿ ನೋಡಿ ನನ್ನ ರೊಟ್ಟಿ ಹೊತ್ತಾವು’ ಅಂದ್ಳು.”

ಕಾಂತಾ ನಕ್ಕುಬಿಟ್ಟಳು. ಅವನೂ ನಕ್ಕ. ನನಗೆ ನಗಲಾಗಲಿಲ್ಲ. ಒಬ್ಬ ಮನುಷ್ಯ ತನ್ನ ಕಣ್ಣನ್ನೇ ಅನುಮಾನಿಸುವಂತೆ ಮಾಡಿದ್ದೆ. ಅನುಮಾನಿಸಬೇಕಾದ ಕಣ್ಣು ನನ್ನದಾಗಿತ್ತು. ಅದನ್ನು ಹೇಳಲು ಹೊರಟವನು, “ನನ್ನ ಪರೀಕ್ಷೆ ನೀನೇ ತೊಗೋಬೇಕು,” ಎಂದಷ್ಟೇ ಹೇಳಿದೆ.

ಅಂಗೈಯಲ್ಲಿ ಬಿಳಿ ಬಣ್ಣ ಇನ್ನೂ ಉಳಿದಿದೆ. ಸೀಮೆಎಣ್ಣೆ ಹಚ್ಚಿದರೆ ಹೋಗುತ್ತದಂತೆ. ನಾಳೆ ನೋಡೋಣ.

೨೧ ಸೆಪ್ಟೆಂಬರ್, ಭಾನುವಾರ

ಪರೀಕ್ಷಾ ಹಾರಾಟ, ಹುಬ್ಬಳ್ಳಿಯಿಂದ ಸಾಂಬ್ರಾ. ಪರೀಕ್ಷಕ ಸುಮಿತ, ನನ್ನ ಎಡಕ್ಕೆ ಅಡುಗೆಮನೆಯ ಸ್ಟೂಲಿನ ಮೇಲೆ. ಮಧುಕರರು ಖಾನಾಪುರದಿಂದ ಬಸ್ಸು ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು. ಯಲ್ಲೇಶ ಮಗ್ಗ ನಿಲ್ಲಿಸಿ ಗೋಡೆಯ ಮೇಲೆ ಕುಳಿತಿದ್ದ.

ಏರಿದ ಹತ್ತು ನಿಮಿಷಗಳ ಮೇಲೆ ಕೇಳಿದೆ: “ಎಡಕ್ಕ ಏನೈತಿ?”

“ಏನೂ ಇಲ್ರೀ ಸರ್. ಬೇರೆ ವಿಮಾನ ಇಲ್ಲ, ಮೋಡ ಇಲ್ಲ.”

“ಅದನ್ನಲ್ಲ ಕೇಳಿದ್ದು. ಏನೈತಿ?”

ಅವನು ನನ್ನ ಮುಖ ನೋಡಿರಬೇಕು. ಬಳಿಕ ನಿಧಾನವಾಗಿ ಹೇಳತೊಡಗಿದ. ಕೆಳಗ ಕಬ್ಬಿನ ಹೊಲ. ಮಲಪ್ರಭಾ ಎರಡು ಕಡೆ ತಿರುವಿ ಹೋಗ್ಯಾಳ, ನೀರು ಕೆಂಪಗ ಅದಾವು. ದೂರ ಖಾನಾಪುರ. ಅದರಾಚೆ ಹಲಸಿ ಕಡಿ ಅಡವಿ ಚಾಲೂ ಆಗತೈತಿ, ಕಪ್ಪ ಕಾಣತೈತಿ. ಮಧುಕರರು ಬಾಗಿಲಿನಿಂದ, “ನಮ್ಮ ಮನಿ ಕಟ್ಟಿ ಕಾಣ್ತದೇನು ನೋಡಪಾ, ಮಾಸ್ತರು ಎಡವತಾರ,” ಎಂದರು. ನಾನು ಎದುರಿಗಿನ ಅಂಕಿಗಳನ್ನು ಹಿಡಿದುಕೊಂಡು ಹೋಗುತ್ತಿದ್ದೆ. ಆ ಊರುಗಳಲ್ಲೆಲ್ಲ ನಾನು ಸೈಕಲ್ ತುಳಿದವನು. ಅವನು ಹೇಳಿದ ಹಾಗೆಯೇ ಇದ್ದವು.

ಸಾಂಬ್ರಾಕ್ಕೆ ಮುಖ ಮಾಡಿದ ಮೇಲೆ ಅವನ ದನಿ ಬದಲಾಯಿತು.

“ಮೂರು ಬಿಳಿ, ಒಂದು ಕೆಂಪು. ಸ್ವಲ್ಪ ಮ್ಯಾಲದೀರಿ. ಮೂರು ಬಿಳಿ. ಎರಡು, ಎರಡು. ಹಂಗಽ ಇರ್ರಿ ಸರ್. ಎರಡು, ಎರಡು. ಎರಡು, ಎರಡು.”

ನನಗೆ ಹುಲ್ಲು ಕಾಣುತ್ತಿತ್ತು. ಅವನ ಮಾತಿನ ಮೇಲೆ ಇಳಿಸಿದೆ. ಚಕ್ರ ನೆಲ ಮುಟ್ಟಿತು.

ಸುಮಿತ ವರದಿಯ ಹಾಳೆ ತೆಗೆದುಕೊಂಡು, ಪೆನ್ನು ಹಿಡಿದು, ಕೆಮ್ಮಿದ. “ಸರ್… ಎರಡನೂರಾ ತೊಂಬತ್ತು ಅಂತ ಬರೀಲೇನ್ರೀ?”

“ಯಂತ್ರ ಎಷ್ಟು ತೋರಿಸೈತಿ?”

“ಮುನ್ನೂರಾ ಹತ್ತು.”

“ಹಂಗಾದ್ರ ಮುನ್ನೂರಾ ಹತ್ತು.”

“ಹತ್ತಽ ಅಡೀರೀ ಮಾಸ್ತರ,” ಎಂದರು ಮಧುಕರರು.

ಸುಮಿತ ಬರೆದ. ಫಲಿತಾಂಶದ ಸ್ಥಳವನ್ನು ಖಾಲಿ ಬಿಟ್ಟು ಹಾಳೆಯನ್ನು ನನ್ನತ್ತ ಸರಿಸಿದ; ಅವನಿಗೆ ಕೈ ಬರಲಿಲ್ಲ. ಕೆಂಪು ಪೆನ್ನಿನಿಂದ ನಾನೇ ‘ಅನುತ್ತೀರ್ಣ’ ಎಂದು ಬರೆದು, ಅವನಿಂದ ಸಹಿ ಹಾಕಿಸಿದೆ. ನಿಯಮದಂತೆ ಮರುಪರೀಕ್ಷೆ ಮೂವತ್ತು ದಿನಗಳ ಬಳಿಕ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅಷ್ಟರೊಳಗೆ ದೃಷ್ಟಿ ಇದಕ್ಕಿಂತ ಹೆಚ್ಚುವುದಿಲ್ಲವೆಂಬುದು ನನಗೆ ಗೊತ್ತಿದೆ, ಸುಮಿತನಿಗೂ ಗೊತ್ತಿದೆ. ಆದರೂ ಹೊರಡುವಾಗ, “ಮುಂದಿನ ಸಲಾ ಒಂದ ಸೆಕೆಂಡು ಮೊದ್ಲ ಹೇಳ್ತೀನ್ರೀ ಸರ್,” ಎಂದ.

ಅವರೆಲ್ಲ ಹೋದ ಮೇಲೆ ವರದಿಯನ್ನು ತಿದ್ದಲು ಕುಳಿತೆ. ಎರಡು ಒತ್ತಕ್ಷರ, ಒಂದು ವಿಭಕ್ತಿ. ಕೊನೆಯ ಸಾಲು ಹೀಗಿತ್ತು: “ಎಡಕ್ಕ ಮಲಪ್ರಭಾ ಕಂಡಳು. ಕೆಂಪು ನೀರು. ಸರ್‌ಗೆ ಹೇಳಿದೆ.”

ಅದನ್ನು ಹೊಡೆಯಲಿಲ್ಲ.